ಪದಚರ್ಚೆ: ‘ಟೈಮಿಂಗ್ ಮುಂದೆ ಹಾಕು’ ಅಂದರೆ ಕಿಡಿ ಬೇಗವೋ, ತಡವೋ?

ಕೇಳಿಕೆ

ಎಲ್ಲರಿಗೂ ನಮಸ್ಕಾರ.

ಹಳೆಯ ಪೆಟ್ರೋಲ್ ಕಾರಿನ ಎಂಜಿನ್‌ಗೆ ಮೊದಲ ಸಲ ಟರ್ಬೊ (ಎಂಜಿನ್ನಿನ ಹೊಗೆಯಿಂದ ತಿರುಗಿ ಒಳಗೆ ಹೆಚ್ಚು ಗಾಳಿ ಒತ್ತುವ ಸಾಧನ) ಕೂರಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ಓದುವವರು ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಲ್ಲಿ ದುಡಿಯುವವರು. ಹೆಚ್ಚಿನವರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ, ಓದುವುದು ಕನ್ನಡ. ಉದಾಹರಣೆಗೆ ತೆಗೆದುಕೊಂಡದ್ದು ಮಾರುತಿ ಎಸ್ಟೀಮಿನ 1298 ಸಿಸಿ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಎಂಜಿನ್. ಬೂಸ್ಟ್, ಅಂದರೆ ಟರ್ಬೊ ಹೆಚ್ಚಿಸುವ ಗಾಳಿಯ ಒತ್ತಡ, 0.4 ಬಾರ್ ಮಾತ್ರ. ಪಿಸ್ಟನ್, ಕನೆಕ್ಟಿಂಗ್ ರಾಡ್ ಕಂಪೆನಿ ಕೊಟ್ಟವೇ.

ಕರಡಿನಲ್ಲಿ “ಬೂಸ್ಟ್ ಏರಿದ ಹಾಗೆ ಟೈಮಿಂಗ್ ಹಿಂದೆ ತನ್ನಿ” ಎಂಬ ವಾಕ್ಯ ಉಂಟು. ಟೈಮಿಂಗ್ ಅಂದರೆ ಇಲ್ಲಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು. ಕರಡು ಓದಿದ ಇಬ್ಬರಲ್ಲಿ ಒಬ್ಬರು ಕಿಡಿಯನ್ನು ತಡ ಮಾಡಬೇಕು ಎಂದು ತಿಳಿದರು, ಇನ್ನೊಬ್ಬರು ಬೇಗ ಮಾಡಬೇಕು ಎಂದು. ಇಲ್ಲಿ ಯಾವ ಮಾತು ಬಳಸಿದರೆ ಅನುಮಾನ ಉಳಿಯುವುದಿಲ್ಲ?

ಇನ್ನೂ ಕೆಲವು ಇವೆ. ‘ಕಂಪ್ರೆಷನ್’ ಎಂಬುದಕ್ಕೆ ಪಠ್ಯಪುಸ್ತಕದ ‘ಸಂಪೀಡನ’ ಹಾಕಬೇಕೇ? ‘ನಾಕಿಂಗ್’ಗೆ ‘ಬಡಿತ’ ಸಾಕೇ? ‘ವೇಸ್ಟ್‌ಗೇಟ್’ ಎಂಬುದನ್ನು ಒಬ್ಬರು ‘ತ್ಯಾಜ್ಯದ್ವಾರ’ ಎಂದು ಮಾಡಿಕೊಟ್ಟಿದ್ದಾರೆ. ಮೋರಿಯ ಬಾಯಿಯ ಹಾಗೆ ಕೇಳಿಸುತ್ತದೆ. ಟರ್ಬೊಗೇ ‘ತಿದಿ’ ಎನ್ನಬಹುದಲ್ಲ ಎಂಬ ಸಲಹೆಯೂ ಬಂದಿದೆ. ಗ್ಯಾರೇಜಿನ ಕೆಲಸವನ್ನೂ ಕನ್ನಡವನ್ನೂ ಬಲ್ಲವರು ತಿಳಿಸಿದರೆ ಉಪಕಾರ.

ಉತ್ತರ

ಟೈಮಿಂಗ್‌ನಿಂದಲೇ ತೊಡಗುತ್ತೇನೆ. ಬೇರೆ ಮಾತು ತಪ್ಪಿದರೆ ತಂದ ಸಾಮಾನನ್ನು ವಾಪಸ್ ಕೊಡಬೇಕಾದೀತು. ಇದು ತಪ್ಪಿದರೆ ಪಿಸ್ಟನ್ ಒಡೆಯುತ್ತದೆ.

ಜಾಗದ ಮಾತಿನಲ್ಲಿ ‘ಮುಂದೆ’ ಅಂದರೆ ಎದುರಿಗೆ. ಹೊತ್ತಿನ ಮಾತಿನಲ್ಲಿ ಅದೇ ‘ಮುಂದೆ’ ಅಂದರೆ ಇನ್ನು ಮೇಲೆ. ಮದುವೆ ಮುಂದೆ ಹೋಯಿತು, ಪರೀಕ್ಷೆ ಮುಂದೂಡಿದರು: ಎರಡರಲ್ಲೂ ಆದದ್ದು ತಡ. ಆದರೆ ಡಿಸ್ಟ್ರಿಬ್ಯೂಟರ್ (ಹಳೆಯ ಎಂಜಿನ್‌ಗಳಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ತಿರುಗಿಸಿ ಪಳಗಿದವರಿಗೆ ‘ಮುಂದೆ’ ಅಂದರೆ ‘ಅಡ್ವಾನ್ಸ್’, ಅಂದರೆ ಕಿಡಿ ಬೇಗ. ನಮ್ಮ ಕಡೆ ಇದರ ಮೇಲೆ ತುಳುವಿನ ನೆರಳೂ ಬೀಳುತ್ತದೆ. ‘ದುಂಬು’ ಎಂಬುದಕ್ಕೆ ಎದುರಿಗೆ ಎಂಬ ಅರ್ಥವೂ ಉಂಟು, ಮೊದಲು ಎಂಬ ಅರ್ಥವೂ ಉಂಟು. ಅದನ್ನು ಮನಸ್ಸಿನಲ್ಲಿಟ್ಟು ಕನ್ನಡದಲ್ಲಿ ‘ಮುಂದೆ’ ಎನ್ನುವವರು ಹೇಳಹೊರಟದ್ದು ‘ಮುಂಚೆ’. ಹೀಗಾಗಿ ನಿಮ್ಮ ವಾಕ್ಯವನ್ನು ಇಬ್ಬರು ಎರಡು ಬಗೆಯಲ್ಲಿ ಓದಿದ್ದರಲ್ಲಿ ಆಶ್ಚರ್ಯವಿಲ್ಲ. ಇಬ್ಬರ ಓದಿಗೂ ಬಳಕೆಯ ಆಧಾರ ಇದೆ.

ಇದರ ಬೆಲೆ ಎಷ್ಟು ಎಂದು ಲೆಕ್ಕದಲ್ಲಿ ನೋಡಿ. ಟರ್ಬೊ ಇಲ್ಲದಾಗ ಪೂರ್ತಿ ಆಕ್ಸಿಲರೇಟರ್‌ನಲ್ಲಿ, 4000 ಆರ್‌ಪಿಎಂಗೆ, ಟಿಡಿಸಿಗೆ (ಪಿಸ್ಟನ್ ತೀರ ಮೇಲೆ ಬರುವ ಬಿಂದುವಿಗೆ) ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ 28 ಡಿಗ್ರಿ ಮೊದಲು ಕಿಡಿ ಎಂದಿಟ್ಟುಕೊಳ್ಳಿ. ಟ್ಯೂನಿಂಗ್ ಶುರುಮಾಡಲು ರೂಢಿಯ ಸೂತ್ರ, ಒಂದು ಪಿಎಸ್‌ಐ (ಬಾರ್‌ನಂತೆ ಒತ್ತಡದ ಇನ್ನೊಂದು ಮಾನ) ಬೂಸ್ಟಿಗೆ ಒಂದು ಡಿಗ್ರಿ ತಡ. 0.4 ಬಾರ್ ಅಂದರೆ ಸುಮಾರು 6 ಪಿಎಸ್‌ಐ. ಕಿಡಿ 22 ಡಿಗ್ರಿಗೆ ಬರಬೇಕು. ವಾಕ್ಯವನ್ನು ಉಲ್ಟಾ ಓದಿದವನು 34 ಹಾಕುತ್ತಾನೆ. ಹನ್ನೆರಡು ಡಿಗ್ರಿ ಬೇಗ ಬಿದ್ದ ಕಿಡಿಯಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಜಿಗಿಯುತ್ತದೆ. ಜ್ವಾಲೆ ತಲುಪದ ಮೂಲೆಯ ಮಿಶ್ರಣ ಕಾದು ತಾನಾಗಿ ಸಿಡಿಯುತ್ತದೆ. ಎರಡು ರಿಂಗ್‌ಗಳ ನಡುವಿನ ಪಿಸ್ಟನ್ ಅಂಚು ಮುರಿಯಲು ಕೆಲವು ಸೆಕೆಂಡು ಸಾಕು.

ಆದ್ದರಿಂದ ಕಿಡಿಯ ವಿಷಯದಲ್ಲಿ ಕೈಪಿಡಿಯಿಂದ ‘ಹಿಂದೆ’, ‘ಮುಂದೆ’ ಎರಡನ್ನೂ ತೆಗೆದುಬಿಡಿ. ‘ಕಿಡಿ ತಡ ಮಾಡಿ’, ‘ಕಿಡಿ ಬೇಗ ಮಾಡಿ’ ಎಂದು ಬರೆಯಿರಿ. ಎಷ್ಟು ಬದಲಿಸಬೇಕು ಎನ್ನುವುದಕ್ಕಿಂತ ಎಲ್ಲಿಗೆ ತಲುಪಬೇಕು ಎಂದು ಹೇಳುವುದು ಮೇಲು: “ಕಿಡಿ ತಡ ಮಾಡಿ, ಟಿಡಿಸಿಗೆ 22 ಡಿಗ್ರಿ ಮೊದಲು ನಿಲ್ಲಿಸಿ.” ಬರಿಯ ‘ಟೈಮಿಂಗ್’ ಶಬ್ದವನ್ನು ಕ್ಯಾಮ್ ಬೆಲ್ಟಿಗೆ ಬಿಟ್ಟುಕೊಡಿ, ಜನ ಅದನ್ನು ಹೇಗೂ ಟೈಮಿಂಗ್ ಬೆಲ್ಟ್ ಎಂದೇ ಕರೆಯುವುದು. ಇಸಿಯು (ಎಂಜಿನ್ನಿನ ಕಂಪ್ಯೂಟರ್) ತೋರಿಸುವ ಅಂಕಿಯೂ ಪುಲ್ಲಿಯ ಗುರುತೂ ಒಂದೇ ಎಂದು ಟೈಮಿಂಗ್ ಲೈಟ್ (ಕಿಡಿ ಹಾರಿದಾಗ ಮಿನುಗುವ ದೀಪ) ಹಿಡಿದು ನೋಡಿದ ಮೇಲೆಯೇ ಇಸಿಯು ಒಳಗಿನ ಮ್ಯಾಪ್, ಅಂದರೆ ಕಿಡಿಯ ಕೋಷ್ಟಕ, ಮುಟ್ಟಬೇಕು ಎಂಬ ಸಾಲನ್ನೂ ಅಲ್ಲೇ ಸೇರಿಸಿ. ಹೊಸ ಇಸಿಯು ಹಾಕಿದಾಗ ಈ ಎರಡರ ನಡುವೆ ಹತ್ತು ಡಿಗ್ರಿ ವ್ಯತ್ಯಾಸ ಬಂದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗೂ ನಿಲ್ಲುತ್ತದೆ. ತಪ್ಪು ಗೊತ್ತಾಗುವುದು ಲೋಡ್ ಬಿದ್ದಾಗಲೇ.

‘ಕಂಪ್ರೆಷನ್’ಗೂ ಇಂಥದೇ ರೋಗ. “ಕಂಪ್ರೆಷನ್ ಇಳಿದಿದೆ” ಅಂದರೆ ರಿಂಗ್ ಅಥವಾ ವಾಲ್ವ್ ಸವೆದಿದೆ, ಕೆಟ್ಟದ್ದು. “ಟರ್ಬೊಗೆ ಕಂಪ್ರೆಷನ್ ಇಳಿಸಬೇಕು” ಅಂದರೆ ಬೇಕೆಂದೇ ಮಾಡುವ ಬದಲಾವಣೆ. ಗೇಜಿನಲ್ಲಿ ಕಾಣುವ 12 ಕೆಜಿ ಒಂದು ಒತ್ತಡ, ಕ್ಯಾಟಲಾಗಿನ 9.5 ಒಂದು ಅನುಪಾತ, ಅದಕ್ಕೆ ಅಳತೆಯ ಮಾನವೇ ಇಲ್ಲ. ‘ಸಂಪೀಡನ’ ಒಳ್ಳೆಯ ಶಬ್ದವೇ, ಆದರೆ ಎರಡಕ್ಕೂ ಅದನ್ನೇ ಹಾಕಿದರೆ ಗೊಂದಲ ಸಂಸ್ಕೃತಕ್ಕೆ ಹೋಗಿ ಕೂರುತ್ತದೆ ಅಷ್ಟೆ. ‘ಕಂಪ್ರೆಷನ್ ಒತ್ತಡ’, ‘ಕಂಪ್ರೆಷನ್ ಅನುಪಾತ’ ಎಂದು ಯಾವಾಗಲೂ ಜೋಡಿಯಾಗಿಯೇ ಬರೆಯಿರಿ. ಕೆಲಸ ಹಿಡಿಯುವ ಮೊದಲು ಮಾಡುವ ಪರೀಕ್ಷೆ ಒತ್ತಡದ್ದು: ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಟರ್ಬೊ ಮಾತು ಅಲ್ಲಿಗೇ ನಿಲ್ಲಲಿ.

ಅನುಪಾತ ಇಳಿಸುವ ಅಧ್ಯಾಯ ಇದ್ದರೆ ಒಂದು ಎಚ್ಚರಿಕೆ ಬೇಕು. ಒಂದು ಸಿಲಿಂಡರಿಗೆ 324.5 ಸಿಸಿ. ಅನುಪಾತ 9.5 ಇದ್ದಾಗ ಟಿಡಿಸಿಯಲ್ಲಿ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ 38.2 ಸಿಸಿ, 8.5ಕ್ಕೆ ಇಳಿಸಲು 43.3 ಸಿಸಿ ಬೇಕು. ಈ 5 ಸಿಸಿಯನ್ನು 74 ಮಿ.ಮೀ. ಬೋರ್‌ನಲ್ಲಿ ಬರಿಯ ಹೆಡ್ ಗ್ಯಾಸ್ಕೆಟ್‌ನಿಂದ ತರಹೊರಟರೆ ಅದು ಸುಮಾರು 1.2 ಮಿ.ಮೀ. ಹೆಚ್ಚು ದಪ್ಪವಾಗಬೇಕು. ಆಗ ಪಿಸ್ಟನ್ನಿನ ಅಂಚು ಹೆಡ್ಡಿನ ಹತ್ತಿರ ಬಂದು ಮಿಶ್ರಣವನ್ನು ನಡುವಿಗೆ ಹಿಂಡುವ ಕೆಲಸ ನಿಂತುಹೋಗುತ್ತದೆ. ಅನುಪಾತ ಇಳಿಸಿದ್ದರ ಲಾಭವನ್ನು ಇದು ಬಹುಪಾಲು ತಿಂದುಹಾಕುತ್ತದೆ, ಸಾಲದ್ದಕ್ಕೆ ಹೆಡ್ ಮೇಲೆದ್ದು ಕ್ಯಾಮ್ ಟೈಮಿಂಗೂ ಸರಿಯುತ್ತದೆ. ಇಳಿಸಲೇಬೇಕಾದರೆ ತಲೆ ತಗ್ಗಿದ ಪಿಸ್ಟನ್ ಹಾಕುವುದು ದಾರಿ. 0.4 ಬಾರ್‌ಗೆ, ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಸಾಧನ) ಇದ್ದು ಕಿಡಿ ಸರಿ ಇದ್ದರೆ, 9.5 ಇರುವಂತೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಇಂಟರ್‌ಕೂಲರ್ ಬಿಟ್ಟುಬಿಡುವುದು ಮಾತ್ರ ನಮ್ಮ ಊರಿನ ಸೆಕೆಗೆ ಆಗದು: 33 ಡಿಗ್ರಿಯ ಗಾಳಿ ಅಷ್ಟು ಬೂಸ್ಟಿನಲ್ಲಿ ಕಂಪ್ರೆಸರ್ ದಾಟುವಾಗ 80 ಡಿಗ್ರಿ ಸುಮಾರಿಗೆ ಬಂದಿರುತ್ತದೆ.

‘ಬಡಿತ’ ಸಾಲದು. ಅದರೊಳಗೆ ಮೂರು ಬೇರೆ ರೋಗ ಅಡಗಿವೆ. ಬೇರಿಂಗ್ ಸವೆದು ರಾಡ್ ಬಡಿಯುವುದು ಒಂದು. ಆ ಸಿಲಿಂಡರಿನ ಪ್ಲಗ್ ವೈರ್ ತೆಗೆದರೆ ಸದ್ದು ಬದಲಾಗುತ್ತದೆ. ಕಿಡಿ ಆದ ಮೇಲೆ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು ಇನ್ನೊಂದು. ಕಿಡಿ ತಡ ಮಾಡಿದರೆ ನಿಲ್ಲುತ್ತದೆ, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಲ್ಯುಮಿನಿಯಂ ಚುಕ್ಕೆಗಳು ಕಾಣುತ್ತವೆ. ಮೂರನೆಯದು ಕಿಡಿಗೆ ಮೊದಲೇ ಯಾವುದೋ ಕೆಂಡವಾದ ಜಾಗದಿಂದ ಮಿಶ್ರಣ ಹೊತ್ತಿಕೊಳ್ಳುವುದು. ಅದಕ್ಕೆ ಸದ್ದೇ ಇಲ್ಲದಿರಬಹುದು, ಪಿಸ್ಟನ್ನಿನ ನಡುವೆ ತೂತು ಬಿದ್ದಾಗಲೇ ತಿಳಿಯುವುದು. ಇವನ್ನು ‘ರಾಡ್ ಬಡಿತ’, ‘ನಾಕಿಂಗ್’, ‘ಮುನ್ನುರಿ’ ಎಂದು ಬೇರೆ ಮಾಡಿ. ‘ಮುನ್ನುರಿ’ ಹೊಸತಾದರೂ ಓದಿದ ಕೂಡಲೇ ತಿಳಿಯುವ ಶಬ್ದ.

‘ತ್ಯಾಜ್ಯದ್ವಾರ’ ಖಂಡಿತ ಬೇಡ. ಅಂಗಡಿಯಲ್ಲಿ ಕೇಳಿ ತರಬೇಕಾದ ಸಾಮಾನಿನ ಹೆಸರು ಅಂಗಡಿಯವನು ಹೇಳುವ ಹೆಸರೇ ಆಗಿರಲಿ: ವೇಸ್ಟ್‌ಗೇಟ್, ಇಂಟರ್‌ಕೂಲರ್, ಇಂಜೆಕ್ಟರ್. ಬೈಕಂಪಾಡಿಯ ಲೇತ್ ಅಂಗಡಿಗೆ ಹೋಗಿ ಹೊಸ ಕನ್ನಡದಲ್ಲಿ ಫ್ಲೇಂಜ್ ಕೇಳಿದರೆ ಹೊತ್ತು ಹಾಳು. ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ನಮ್ಮ ಕಿಂಡಿ ಅಣೆಕಟ್ಟಿನ ಹಲಗೆ ತೆಗೆದಂತೆ ಟರ್ಬೈನಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಬದಿಯಿಂದ ಬಿಡುವುದು ವೇಸ್ಟ್‌ಗೇಟ್. ಅದು ಬಿಡುವುದು ಹೊಗೆಯನ್ನು. ಆಕ್ಸಿಲರೇಟರ್ ಬಿಟ್ಟಾಗ ಒತ್ತಿದ ಗಾಳಿಯನ್ನು ಬಿಡುವುದು ಬ್ಲೋ ಆಫ್ ವಾಲ್ವ್. ಇವೆರಡನ್ನೂ ‘ಪ್ರೆಶರ್ ಬಿಡುವ ವಾಲ್ವ್’ ಎಂದು ಬರೆದರೆ ಓದಿದವನು ಬೂಸ್ಟ್ ಇಳಿಸಲು ಬ್ಲೋ ಆಫ್ ತಂದು ಕೂರಿಸುತ್ತಾನೆ. ವೇಸ್ಟ್‌ಗೇಟ್ ಆಕ್ಚುಯೇಟರಿನ ಸ್ಪ್ರಿಂಗ್ 0.4 ಬಾರ್‌ನದ್ದಾದರೆ ಬೂಸ್ಟ್ ಅದಕ್ಕಿಂತ ಕೆಳಗೆ ಇಳಿಯದು. ಬೂಸ್ಟ್ ಕಂಟ್ರೋಲರ್ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಆಕ್ಚುಯೇಟರಿಗೆ ಹೋಗುವ ಸಣ್ಣ ಪೈಪ್ ಕಳಚಿದರೆ ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ. ಆ ಪೈಪಿಗೆ ಎರಡೂ ತುದಿಯಲ್ಲಿ ಕ್ಲಿಪ್ ಹಾಕಲು ಹೇಳಿ.

‘ಬೂಸ್ಟ್’ ಹಾಗೆಯೇ ಇರಲಿ. ಆದರೆ ಬೂಸ್ಟ್ ಗೇಜಿನ 0.4 ಅಂದರೆ ಮ್ಯಾಪ್ ಸೆನ್ಸರಿನ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್; ಇಸಿಯುವಿನ ಮ್ಯಾಪ್ ಬೇರೆ) 1.4 ಬಾರ್, ಅಂದರೆ 140 ಕಿಲೋಪಾಸ್ಕಲ್. ಒಂದು ‘ಬೂಸ್ಟ್’, ಇನ್ನೊಂದು ‘ಒಟ್ಟು ಒತ್ತಡ’. ಹಳೆಯ ಕಾರಿನ ಸೆನ್ಸರ್ ಸಾಮಾನ್ಯವಾಗಿ ವಾತಾವರಣದ ಒತ್ತಡದವರೆಗೆ ಮಾತ್ರ ಅಳೆಯುತ್ತದೆ, ಬೂಸ್ಟ್ ಅದಕ್ಕೆ ಕಾಣುವುದೇ ಇಲ್ಲ, 2.5 ಬಾರ್‌ನದ್ದು ಬೇಕು.

‘ತಿದಿ’ ನನಗೆ ತುಂಬ ಇಷ್ಟ. ‘ಟರ್ಬೊ’ ಲ್ಯಾಟಿನಿನಲ್ಲಿ ಬುಗುರಿ, ಸುಂಟರಗಾಳಿ. ಗಾಳಿ ಊದುವುದೆಂಬ ಅರ್ಥ ಅದರಲ್ಲಿಲ್ಲ, ತಿದಿಯಲ್ಲಿದೆ. ಸೂಪರ್‌ಚಾರ್ಜರ್ ಬೆಲ್ಟಿನಿಂದ ತಿರುಗುವ ತಿದಿ, ಟರ್ಬೊ ಹೊಗೆಯಿಂದ ತಿರುಗುವ ತಿದಿ ಎಂದು ಪೀಠಿಕೆಯಲ್ಲಿ ವಿವರಿಸಲು ಅದು ಚೆನ್ನಾಗಿ ಒದಗುತ್ತದೆ. ಸಾಮಾನಿನ ಪಟ್ಟಿಯಲ್ಲಿ ಮಾತ್ರ ‘ಟರ್ಬೊ’.

ಮತ್ತೊಂದು ಉತ್ತರ

ಮೇಲಿನವರ ಮಾತು ಒಪ್ಪಿದೆ. ಅವರು ಮುಟ್ಟದೆ ಬಿಟ್ಟ ಕೆಲವನ್ನು ಸೇರಿಸುತ್ತೇನೆ.

“ಮಿಕ್ಸ್ಚರ್ ಇಳಿಸು” ಎಂಬುದು ಟೈಮಿಂಗ್‌ನಷ್ಟೇ ಅಪಾಯದ ಮಾತು. ಮೀಟರಿನಲ್ಲಿ ಅಂಕಿ (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬುದು) 14.7ರಿಂದ 11.8ಕ್ಕೆ ಇಳಿದರೆ ಪೆಟ್ರೋಲ್ ಹೆಚ್ಚಾಯಿತು ಎಂದರ್ಥ. ಕೇಳಿದವನಿಗೆ ಪೆಟ್ರೋಲ್ ಕಡಿಮೆ ಮಾಡು ಎಂದು ಕೇಳಿಸುತ್ತದೆ. ‘ಪೆಟ್ರೋಲ್ ಹೆಚ್ಚಿಸಿ’, ‘ಪೆಟ್ರೋಲ್ ತಗ್ಗಿಸಿ’ ಎಂದೇ ಬರೆಯಿರಿ, ಅಂಕಿಯನ್ನು ಲ್ಯಾಂಬ್ಡಾದಲ್ಲಿ (ಇರುವ ಅನುಪಾತವನ್ನು ಸಮ ಮಿಶ್ರಣದ ಅನುಪಾತದಿಂದ ಭಾಗಿಸಿದ್ದು) ಕೊಡಿ. ಬಂಕಿನಲ್ಲಿ ಈಗ ಸಿಗುವ ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲಿಗೆ ಸಮ ಮಿಶ್ರಣ, ಅಂದರೆ ಗಾಳಿಯೂ ಇಂಧನವೂ ಮಿಗದಂತೆ ಉರಿಯುವ ಮಿಶ್ರಣ, 14.7 ಅಲ್ಲ, ಸುಮಾರು 13.5. ಲ್ಯಾಂಬ್ಡಾ ಯಾವ ಇಂಧನಕ್ಕೂ 1 ಅಂದರೆ ಸಮ. ಪೂರ್ತಿ ಬೂಸ್ಟಿನಲ್ಲಿ 0.80 ಸುತ್ತ ಇಟ್ಟು ತೊಡಗಬಹುದು. ಇಂಜೆಕ್ಟರ್ ಲೆಕ್ಕಕ್ಕೂ ಇದು ತಾಗುತ್ತದೆ. ಆ ಎಂಜಿನಿನ 85 ಅಶ್ವಶಕ್ತಿ 110ಕ್ಕೆ ಹೋಗುತ್ತದೆಂದರೆ, ಒಂದು ಅಶ್ವಶಕ್ತಿಗೆ ಗಂಟೆಗೆ 270 ಗ್ರಾಂ ಹಿಡಿದು, ಇಂಜೆಕ್ಟರ್ ಶೇಕಡಾ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರದಂತೆ ನೋಡಿಕೊಂಡರೆ, ಒಂದೊಂದಕ್ಕೆ ನಿಮಿಷಕ್ಕೆ 210 ಸಿಸಿ. ಇ20ಗೆ ಇನ್ನೊಂದು ಹತ್ತನೇ ಒಂದು ಪಾಲು ಸೇರಿಸಿ. 250 ಸಿಸಿಯದ್ದು ತಂದರೆ ಸರಿ.

ಪ್ಲಗ್ ವಿಷಯದಲ್ಲಿ “ಒಂದು ನಂಬರ್ ಮೇಲಿನದ್ದು ಹಾಕಿ” ಎಂದು ಬರೆಯಲೇಬೇಡಿ. ಎನ್‌ಜಿಕೆಯಲ್ಲಿ ನಂಬರ್ ಏರಿದರೆ ಪ್ಲಗ್ ತಣ್ಣಗಿನದು (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು), ಬಾಷ್‌ನಲ್ಲಿ ನಂಬರ್ ಇಳಿದರೆ ತಣ್ಣಗಿನದು. ‘ಒಂದು ಮೆಟ್ಟಿಲು ತಣ್ಣಗಿನ ಪ್ಲಗ್, ಗ್ಯಾಪ್ 0.7 ಮಿ.ಮೀ.’ ಎನ್ನಿ.

‘ಲ್ಯಾಗ್’ ಎಂದು ಜನ ದೂರುವುದರಲ್ಲಿ ಎರಡು ಸಂಗತಿ ಬೆರೆತಿರುತ್ತವೆ. ಇಂತಿಷ್ಟು ಆರ್‌ಪಿಎಂ ದಾಟದೆ ಬೂಸ್ಟೇ ಹುಟ್ಟದಿರುವುದು ‘ಹೊಸ್ತಿಲು’. ಅದನ್ನು ದಾಟಿದ ಮೇಲೂ ಆಕ್ಸಿಲರೇಟರ್ ಒತ್ತಿದ್ದಕ್ಕೂ ಬೂಸ್ಟ್ ಬಂದದ್ದಕ್ಕೂ ನಡುವಿನ ಅಂತರ ‘ಲ್ಯಾಗ್’. ಆಗುಂಬೆ ಘಾಟಿಯ ತಿರುವಿನಲ್ಲಿ 1500 ಆರ್‌ಪಿಎಂಗೆ ಬಿದ್ದ ಗಾಡಿ ಎಳೆಯದಿದ್ದರೆ ಅದು ಹೊಸ್ತಿಲಿನ ಕೆಳಗಿದೆ ಅಷ್ಟೆ, ಗೇರ್ ಇಳಿಸಬೇಕು.

“ಟರ್ಬೊ ಸೀಲ್ ಹೋಗಿದೆ” ಎಂಬ ರೋಗನಿರ್ಣಯವನ್ನೂ ಕೈಪಿಡಿ ಒಮ್ಮೆ ತಿದ್ದಬೇಕು. ಟರ್ಬೊ ಒಳಗಿನದು ಕ್ರ್ಯಾಂಕಿನದರಂತೆ ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಲೋಹದ ಉಂಗುರ. ಆಯಿಲ್ ಕೆಳಗೆ ಸರಾಗ ಇಳಿದುಹೋದರೆ ಮಾತ್ರ ಅದು ತಡೆಯುತ್ತದೆ. ಆಯಿಲ್ ಇಳಿಯುವ ಪೈಪಿನ ಒಳ ಅಳತೆ 16 ಮಿ.ಮೀ. ಇರಲಿ, ಎಲ್ಲೂ ಮೇಲೇಳದೆ ಇಳಿಜಾರಾಗಿ ಬರಲಿ, ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ನಿಂತ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಹಾಗಿಲ್ಲದೆ ನೀಲಿ ಹೊಗೆ ಬಂದರೆ ಹೊಸ ಟರ್ಬೊ ತಂದು ಹಾಕಿದರೂ ಅದೇ ಹೊಗೆ ಬರುತ್ತದೆ. ಇದನ್ನು ‘ರಿಟರ್ನ್’ ಎಂದು ಬರೆದರೆ ಪೆಟ್ರೋಲ್ ರಿಟರ್ನ್ ಪೈಪಿನಂತೆ ಒತ್ತಡದಲ್ಲಿ ಹರಿಯುತ್ತದೆಂದು ತಿಳಿದು ಸಣ್ಣ ಪೈಪ್ ಹಾಕುವವರಿದ್ದಾರೆ; ‘ಆಯಿಲ್ ಇಳಿಪೈಪ್’ ಎಂದರೆ ಇಳಿಯಬೇಕು ಎಂಬುದು ಹೆಸರಲ್ಲೇ ಇರುತ್ತದೆ.

ಡೀಸೆಲ್ ಕಾರಿನ ಹಳೆಯ ಟರ್ಬೊ ಅಗ್ಗಕ್ಕೆ ಸಿಗುತ್ತದೆಂದು ಬರೆಯುವುದಾದರೆ ಬಿಸಿಯ ಅಂಕಿಯನ್ನೂ ಪಕ್ಕದಲ್ಲೇ ಕೊಡಿ. ಡೀಸೆಲಿನ ಹೊಗೆ 800 ಡಿಗ್ರಿ ಆಸುಪಾಸು, ಬೂಸ್ಟಿನಲ್ಲಿರುವ ಪೆಟ್ರೋಲ್ ಎಂಜಿನಿನದು 950 ದಾಟಬಹುದು. ಟರ್ಬೈನ್ ಹೌಸಿಂಗ್ ಬಿರುಕು ಬಿಡುತ್ತದೆ. ಇನ್ನು ‘ಮಾಡಿಫಿಕೇಷನ್’ ಎಂಬುದಕ್ಕೆ ‘ಮಾರ್ಪಾಡು’ ಸರಿಯಾದ ಶಬ್ದ. ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಅದು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಅಲ್ಲ, ಸಾಮಾನಿನ ಪಟ್ಟಿಗಿಂತ ಮೊದಲೇ ಬರಲಿ.