ಬೀಜ ನಾಲ್ಕು ತಿಂಗಳು ಇಟ್ಟು ಹಿಂಡಿದರೆ ಎಣ್ಣೆ ಕೆಡುತ್ತದಾ? ಅನುಭವ ಇದ್ದವರು ಹೇಳಿ

ಹೊಸಬ: ಸೂರ್ಯಕಾಂತಿ 40 ಚೀಲ ಇದೆ. ಈಗಲೇ ಹಿಂಡಿಸಲಾ, ನಾಲ್ಕು ತಿಂಗಳು ಬಿಟ್ಟಾ?

ಸುಟ್ಟ ಕೈ: ನನ್ನ ಪಾಡು ಕೇಳಿ. ಶೇಂಗಾ, 60 ಚೀಲ. ಜಾಗ ಉಳಿಯುತ್ತದೆ ಅಂತ ಸಿಪ್ಪೆ ಸುಲಿಸಿ ಇಟ್ಟೆ. ಯಂತ್ರ ಅರ್ಧಕ್ಕರ್ಧ ಕಾಳು ಒಡೆದಿತ್ತು. ಒಡೆದ ಕಾಳಿನಲ್ಲಿ ಲೈಪೇಸ್ ಕಿಣ್ವ ನೇರ ಎಣ್ಣೆಗೇ ಬಾಯಿ ಹಾಕಿ ಅದನ್ನು ಆಮ್ಲ ಮಾಡುತ್ತದೆ. ಮೂರನೇ ತಿಂಗಳು ಚೀಲದೊಳಗೆ ಕೈ ತೂರಿಸಿದೆ, ಬೆಚ್ಚಗಿತ್ತು! ಗೋಡೆಗೆ ತಾಗಿದ್ದ 11 ಚೀಲಗಳ ತಳ ಗಂಟು ಕಟ್ಟಿತ್ತು. ಎಣ್ಣೆಯ ಆಮ್ಲ ಶೇ. 1ರ ಒಳಗೆ ಬರಬೇಕಾದ್ದು 4.6 ಬಂತು. ಆಮ್ಲ ತೆಗೆಯಲು ಕಾಸ್ಟಿಕ್ ಸೋಡಾ ಹಾಕಿ ತೊಳೆದರೆ ಅದು ಸೋಪಾಯಿತು, ಸೋಪಿನ ಜೊತೆ ಒಳ್ಳೆ ಎಣ್ಣೆಯೂ ಹೋಯಿತು. 100 ಕೆಜಿಗೆ 9 ಕೆಜಿ. ಡಬ್ಬಿ ಡಬ್ಬಿ ಲೆಕ್ಕ ಬರೆದಿಟ್ಟಿದ್ದೇನೆ, ಈಗಲೂ ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಿಪ್ಪೆವಾದಿ: ಸುಲಿದು ಇಟ್ಟಿದ್ದೇ ತಪ್ಪು. ನಾನು ಸಿಪ್ಪೆ ಸಮೇತ ಇಡುತ್ತೇನೆ, ಹಿಂಡುವ ವಾರ ಸುಲಿಸುತ್ತೇನೆ. ಒಣಗಿದೆಯಾ ಅಂತ ನೋಡಲು ಕಚ್ಚಿದರೆ ಸಾಕು. ಕಟಕ್ ಅಂದರೆ ಒಣಗಿದೆ.

ಸುಟ್ಟ ಕೈ: ಕಾಳಿನ ತೇವ ಶೇ. 7ಕ್ಕೂ 9ಕ್ಕೂ ಇರುವ ವ್ಯತ್ಯಾಸ ನಿಮ್ಮ ಹಲ್ಲು ಹೇಳುತ್ತದಾ? ನಾನೂ ಕಚ್ಚಿಯೇ ಕೆಟ್ಟವನು.

ಸೋಯಾ ಕಣಜ: ತೇವ ಅಳೆಯುವ ಮೀಟರ್ ಇದ್ದೂ ಕೆಟ್ಟವನು ನಾನು. ಕಣಜಕ್ಕೆ ಸೋಯಾ ತುಂಬುವಾಗ ತೇವ ಶೇ. 12 ತೋರಿಸಿತ್ತು, ನೆಮ್ಮದಿಯಾಗಿ ಮಲಗಿದೆ. ಹೊರಗೆ ಚಳಿ ಬಿತ್ತು. ನಡುವಿನ ಬಿಸಿ ಗಾಳಿ ಮೇಲೇರಿ, ತಣ್ಣನೆಯ ಮೇಲ್ಪದರದಲ್ಲಿ ನೀರು ಬಿಟ್ಟಿತು. ಮುಚ್ಚಳ ತೆಗೆದಾಗ ಗೇಣುದ್ದ ಹೆಂಟೆ, ಕಮಟು ವಾಸನೆ. ಎಣ್ಣೆ ಕೆಂಪಗೆ ಬಂತು. ಬ್ಲೀಚಿಂಗ್ ಮಣ್ಣು ಎಷ್ಟು ಹಾಕಿದರೂ ಬಣ್ಣ ಬಿಡಲಿಲ್ಲ. ಎಣ್ಣೆಯಲ್ಲಿರುವ ಅಂಟು ಬರೀ ನೀರಿನಲ್ಲಿ ಹೋಗುತ್ತಿತ್ತು, ಈ ಸಲ ಅದನ್ನು ತೆಗೆಯಲು ಫಾಸ್ಫಾರಿಕ್ ಆಮ್ಲ ಬೇಕಾಯಿತು. ಗಾಳಿ ಊದುವ ಫ್ಯಾನ್ ಇತ್ತು. ಕರೆಂಟ್ ಉಳಿಸಲು ಹಾಕಿರಲಿಲ್ಲ. ಬೈಯಿರಿ.

ಸಿಪ್ಪೆವಾದಿ: ಮೀಟರ್ ಇದ್ದೂ ಕೆಟ್ಟಿತು ಅಂದಮೇಲೆ ನನ್ನ ಹಲ್ಲೇ ವಾಸಿ ಅಲ್ವಾ? ಸ್ವಲ್ಪ ಬೂಷ್ಟು ಬಂದರೂ ಗಾಬರಿ ಬೇಡ. ವಿಷ ಹಿಂಡಿಯಲ್ಲೇ ಉಳಿಯುತ್ತದೆ.

ಲ್ಯಾಬ್‌ನವಳು: ಸುಮ್ನೆ ಏನೇನೋ ಹೇಳಬೇಡಿ. ಆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಜಾಸ್ತಿ ಹಿಂಡಿಗೆ ಹೋಗುವುದು ನಿಜ, ಪೂರ್ತಿ ಅಲ್ಲ. ರಿಫೈನ್ ಮಾಡದ ಎಣ್ಣೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಆ ಹಿಂಡಿಯನ್ನು ಹಸುವಿಗೆ ಹಾಕಿದರೆ ಹಾಲಿಗೂ ಬರುತ್ತದೆ.

ಸಿಪ್ಪೆವಾದಿ: ಇಷ್ಟು ವರ್ಷ ತಿಂದಿದ್ದೇನೆ, ಏನಾಗಿದೆ ನನಗೆ?

ಲ್ಯಾಬ್‌ನವಳು: ಲಿವರ್ ಮೊದಲ ದಿನವೇ ಕೂಗುವುದಿಲ್ಲ ಸ್ವಾಮಿ.

ಹೊಸಬ: ನನ್ನದು ಸೂರ್ಯಕಾಂತಿ…

ಸುಟ್ಟ ಕೈ: ತೇವ ಎಷ್ಟಿದೆ? 9 ದಾಟಿದ್ದರೆ ಇಡಲೇಬೇಡಿ.

ಹೊಸಬ: ಅಳೆದಿಲ್ಲ.

ಸಿಪ್ಪೆವಾದಿ: ಕಚ್ಚಿ ನೋಡಿ.