ಮಾತು ತಿಳಿಯದ ಹಾಡು ಲೋಕವನ್ನೆಲ್ಲ ಕುಣಿಸುವುದು ಹೇಗೆ?

ಪ್ರಶ್ನೆ (ಕೊಪ್ಪಳ)
ನಮ್ಮ ಭಾಗದ ಮದುವೆ ಮೆರವಣಿಗೆಗಳಲ್ಲಿ ಕೊರಿಯಾ, ಆಫ್ರಿಕಾಗಳ ಹಾಡುಗಳೂ ಕೇಳಿಬರುತ್ತಿವೆ. ಒಂದು ಪದದ ಅರ್ಥವೂ ಗೊತ್ತಿಲ್ಲದ ಹುಡುಗರು ಅವುಗಳಿಗೆ ಮೈಮರೆತು ಕುಣಿಯುತ್ತಾರೆ. ಇಂಥ ಹಾಡುಗಳು ಗಡಿ ದಾಟುವುದು ತಾಳದ ಬಲದಿಂದಲೋ, ಪ್ರಚಾರದ ಬಲದಿಂದಲೋ? ಅವು ಹುಟ್ಟಿದ ಕಥೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ರಾಯಚೂರು)
ದಕ್ಷಿಣ ಆಫ್ರಿಕಾದ ‘ಜೆರುಸಲೇಮಾ’ ಇದಕ್ಕೆ ಒಳ್ಳೆಯ ಉದಾಹರಣೆ. 2019ರಲ್ಲಿ ಮಾಸ್ಟರ್ ಕೆಜಿ ಸಂಗೀತ ಸಂಯೋಜಿಸಿ, ನೊಮ್ಸೆಬೊ ಜಿಕೊಡೆ ಜುಲು ಭಾಷೆಯಲ್ಲಿ ಹಾಡಿದ ಈ ಗೀತೆ ಮೂಲತಃ ದೇವರಲ್ಲಿ ಮಾಡಿಕೊಳ್ಳುವ ಮೊರೆ: ನನ್ನನ್ನು ಕಾಪಾಡು, ಜೊತೆಯಲ್ಲಿ ನಡೆ, ಇಲ್ಲಿ ಬಿಟ್ಟುಹೋಗಬೇಡ. 2020ರಲ್ಲಿ ಅಂಗೋಲಾದ ಒಂದು ನೃತ್ಯತಂಡದವರು ಕೈಯಲ್ಲಿ ಊಟದ ತಟ್ಟೆ ಹಿಡಿದು, ಉಣ್ಣುತ್ತಲೇ ಸಾಲಾಗಿ ಹೆಜ್ಜೆ ಹಾಕಿದ ವಿಡಿಯೊ ಹರಡಿತು. ಕೊರೊನಾ ಕಾಲದಲ್ಲಿ ಎಷ್ಟೋ ದೇಶಗಳ ದಾದಿಯರು, ವೈದ್ಯರು ಆಸ್ಪತ್ರೆಯ ಅಂಗಳಗಳಲ್ಲಿ ಅದೇ ಹೆಜ್ಜೆ ಹಾಕಿದರು. ಹೆಜ್ಜೆ ಸುಲಭವಾಗಿತ್ತು, ಗುಂಪಿನಲ್ಲಿ ಯಾರು ಬೇಕಾದರೂ ಸೇರಿಕೊಳ್ಳಬಹುದಾಗಿತ್ತು. ಮೊಹರಂ ಸಮಯದ ನಮ್ಮ ಅಲಾಯಿ ಕುಣಿತದಲ್ಲಿ ಹಲಗೆಯ ಪೆಟ್ಟು ಬಿದ್ದೊಡನೆ ಪಕ್ಕದ ಊರಿನವರೂ ಸಾಲಿಗೆ ಸೇರುವುದನ್ನು ಕಂಡವರಿಗೆ ಇದು ಅಚ್ಚರಿಯೆನಿಸದು.

ಉತ್ತರ 2 (ಬಳ್ಳಾರಿ)
ಮೇಲಿನ ಮಾತು ನಿಜವಾದರೂ, ಹೆಜ್ಜೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಜಮೈಕಾದ ಬಾಬ್ ಮಾರ್ಲಿಯ ‘ನೋ ವುಮನ್, ನೋ ಕ್ರೈ’ ಕುಣಿಸುವ ಹಾಡಲ್ಲ, ಸಂತೈಸುವ ಹಾಡು. ಕಿಂಗ್‌ಸ್ಟನ್ ನಗರದ ಟ್ರೆಂಚ್‌ಟೌನ್ ಎಂಬ ಬಡವರ ಕೇರಿಯ ವಠಾರದಲ್ಲಿ ರಾತ್ರಿ ಬೆಂಕಿ ಹಚ್ಚಿ, ಮೆಕ್ಕೆಜೋಳದ ಅಂಬಲಿ ಕಾಯಿಸಿ ಹಂಚಿಕೊಂಡು ಕುಡಿದ ನೆನಪು ಅದರೊಳಗಿದೆ. 1974ರ ಆಲ್ಬಮ್‌ನಲ್ಲಿದ್ದ ಈ ಹಾಡು ನಿಜವಾಗಿ ಜನರನ್ನು ಮುಟ್ಟಿದ್ದು 1975ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಹಾಡಿ ಮುದ್ರಿಸಿಕೊಂಡ ರೂಪದಲ್ಲಿ. ಅಲ್ಲಿ ಪಲ್ಲವಿಯನ್ನು ಸಭಿಕರೇ ಎತ್ತಿಕೊಂಡು ಹಾಡುವುದು ಸ್ಪಷ್ಟವಾಗಿ ಕೇಳಿಸುತ್ತದೆ. ರಚನೆಕಾರನೆಂದು ದಾಖಲಾಗಿರುವ ಹೆಸರು ಮಾರ್ಲಿಯದಲ್ಲ, ಅದೇ ಕೇರಿಯಲ್ಲಿ ಹಸಿದವರಿಗೆ ಗಂಜಿ ಕಾಯಿಸಿ ಹಾಕುತ್ತಿದ್ದ ಗೆಳೆಯ ವಿನ್ಸೆಂಟ್ ಫೋರ್ಡ್‌ನದು. ನನ್ನ ಮಟ್ಟಿಗೆ ಹಾಡಿನಷ್ಟೇ ದೊಡ್ಡದು ಈ ಸಂಗತಿ. ಮಾರ್ಲಿ ಹಾಡುತ್ತಿದ್ದ ‘ರೆಗ್ಗೆ’ ಎಂಬ ಜಮೈಕಾದ ಸಂಗೀತಶೈಲಿಯ ತಾಳವೂ ವಿಶಿಷ್ಟವಾದುದು: ನಾಲ್ಕು ಎಣಿಕೆಯಲ್ಲಿ ಎಲ್ಲರೂ ಒತ್ತುವ ಮೊದಲ ಪೆಟ್ಟನ್ನು ಡ್ರಮ್ ಬಾರಿಸುವವನು ಹಲವೊಮ್ಮೆ ಖಾಲಿ ಬಿಟ್ಟು ಮೂರನೆಯದನ್ನು ಹೊಡೆಯುತ್ತಾನೆ. ಆ ಖಾಲಿ ಜಾಗವೇ ಮೈಯನ್ನು ತೂಗಿಸುತ್ತದೆ. 2018ರಲ್ಲಿ ಯುನೆಸ್ಕೊ ರೆಗ್ಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಉತ್ತರ 3 (ಸಿಂಧನೂರು)
ಮಾಧ್ಯಮದ ಬಲವನ್ನೂ ಮರೆಯಬಾರದು. 2012ರ ಜುಲೈನಲ್ಲಿ ಬಂದ ಕೊರಿಯಾದ ‘ಗಂಗ್ನಮ್ ಸ್ಟೈಲ್’ ಅದೇ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ಕಂಡ ಮೊದಲ ವಿಡಿಯೊ ಆಯಿತು. ಸೋಲ್ ನಗರದ ಸಿರಿವಂತರ ಬಡಾವಣೆಯ ಥಳಕನ್ನು ಅದು ಅಣಕಿಸುತ್ತದೆ. ಕುದುರೆ ಸವಾರಿಯ ಕುಣಿತವನ್ನು ಅನುಕರಿಸಿದ ಬಹುಮಂದಿಗೆ ಆ ಅಣಕ ತಲುಪಲೇ ಇಲ್ಲವೆಂಬುದು ನನಗೆ ನಷ್ಟವೆನಿಸುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ವಿನ್ಸೆಂಟ್ ಫೋರ್ಡ್‌ನ ಸಂಗತಿ ಓದಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿದೆ. ನಮ್ಮೂರುಗಳಲ್ಲಿ ಮೊಹರಂ ಸಮಯದಲ್ಲಿ ಹಾಡುವ ರಿವಾಯತ್ ಪದಗಳನ್ನು ಕಟ್ಟಿದವರ ಹೆಸರು, ಅವು ಹುಟ್ಟಿದ ಸಂದರ್ಭ ಇವುಗಳನ್ನು ನಿಮ್ಮ ಊರಿನ ಮೇಳದವರು ಬರೆದಿಟ್ಟಿದ್ದರೆ ಇಲ್ಲಿ ಹಂಚಿಕೊಳ್ಳುವಿರಾ?