ಹಾಯುವುದು, ಗುಮ್ಮುವುದು, ತಿವಿಯುವುದು: ನಿಮ್ಮ ಕಡೆ ಯಾವುದಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಹಸು ಕಟ್ಟುವವರಿಗೆಂದು ನಾವು ಕೆಲವರು ಸೇರಿ ಒಂದು ಕಿರುಹೊತ್ತಿಗೆ ಸಿದ್ಧಪಡಿಸುತ್ತಿದ್ದೇವೆ. ಪೆಟ್ಟು ತಿನ್ನದೆ ಕೊಟ್ಟಿಗೆಯ ಕೆಲಸ ಮಾಡುವುದು ಹೇಗೆ ಎಂಬ ಅಧ್ಯಾಯದ ಕರಡನ್ನು ತಿದ್ದುವ ಹೊಣೆ ನನ್ನದು. ಅದರ ತುಂಬ ‘ದಾಳಿ’ ಎಂಬ ಒಂದೇ ಮಾತು. ಹಸು ದಾಳಿ ಮಾಡಬಹುದು, ಹೋರಿ ದಾಳಿ ಮಾಡುವ ಮುನ್ನ, ಕುದುರೆಯ ದಾಳಿಯಿಂದ ಪಾರಾಗಲು, ಹೀಗೆ. ಪತ್ರಿಕೆಗಳಲ್ಲೂ ಈ ರೂಢಿ ಬೆಳೆಯುತ್ತಿದೆ. ದನ ಕಟ್ಟಿದ ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಅಲ್ಲಿ ಹಸು ಹಾಯುತ್ತದೆ, ಗುಮ್ಮುತ್ತದೆ, ತಿವಿಯುತ್ತದೆ, ಜಾಡಿಸುತ್ತದೆ, ಒದೆಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಓದುವವನು ತಪ್ಪು ಜಾಗದಲ್ಲಿ ನಿಲ್ಲುತ್ತಾನೆ. ಅದಕ್ಕೇ ಇಷ್ಟು ಪಟ್ಟು ಹಿಡಿದು ಕೇಳುತ್ತಿದ್ದೇನೆ.

ನನಗೆ ತಿಳಿದಿರುವುದು ಹಳೇ ಮೈಸೂರು ಕಡೆಯ ಬಳಕೆ. ಅಲ್ಲಿ ‘ಹಾಯು’ ಎಂದರೆ ಬರಿಯ ಕೊಂಬಿನ ಕೆಲಸವಲ್ಲ, ನಡುವಿನ ಜಾಗವನ್ನು ದಾಟಿ ಮೈಮೇಲೆ ಬರುವುದು. ಹೊಳೆ ಹಾಯುವುದರಲ್ಲಿ, ಗದ್ದೆಗೆ ನೀರು ಹಾಯಿಸುವುದರಲ್ಲಿ ಇರುವುದೂ ಇದೇ ಹಾಯು. ಹಳಗನ್ನಡದ ‘ಪಾಯ್’ಗೆ ನುಗ್ಗು, ನೆಗೆ ಎಂಬ ಅರ್ಥಗಳಿವೆ, ತಮಿಳಿನ ‘ಪಾಯ್’ ಕೂಡ ಹಾಗೆಯೇ. ಆದ್ದರಿಂದ ‘ಆ ಹಸು ಹಾಯುತ್ತದೆ, ಜೋಕೆ’ ಎಂದರೆ ಹತ್ತಿರ ಹೋಗಬೇಡ ಎಂದಷ್ಟೇ ಅಲ್ಲ, ದೂರ ನಿಂತರೂ ಸಾಲದು ಎಂದೂ ಆಗುತ್ತದೆ. ಎಳಗಂದಿಯ, ಅಂದರೆ ಹೊಸದಾಗಿ ಕರು ಹಾಕಿದ ಹಸುವಿನ, ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು. ವರ್ಷವಿಡೀ ಮಗುವಿನ ಕೈಯಿಂದಲೂ ಹುಲ್ಲು ತಿನ್ನುವ ಸಾಧು ಹಸು, ಕರು ಹಾಕಿದ ಮರುದಿನ ಮನೆಯವರ ಮೇಲೆಯೇ ಹಾಯಬಹುದು. ಕರುವಿಗೂ ಅದಕ್ಕೂ ನಡುವೆ ಯಾರಾದರೂ ನಿಂತರೆ ಅಷ್ಟೇ ಸಾಕು.

‘ಗುಮ್ಮು’ವುದಕ್ಕೆ ಓಟ ಬೇಡ. ಕಟ್ಟಿದ ಕಡೆಯೇ ನಿಂತು, ತಲೆ ತಗ್ಗಿಸಿ, ಹಣೆಯಿಂದಲೋ ಕೊಂಬಿನ ಬುಡದಿಂದಲೋ ಕೊಡುವ ಪೆಟ್ಟು ಅದು. ಗೋದಲಿಗೆ ಹಿಂಡಿ ಹಾಕಲು ಬಗ್ಗಿದವನಿಗೆ ಸಿಗುವುದು ಹೆಚ್ಚಾಗಿ ಇದೇ. ಕೊಂಬಿಲ್ಲದ ಕರುವೂ ಗುಮ್ಮುತ್ತದೆ. ‘ತಿವಿ’ಯಲು ಕೊಂಬಿನ ತುದಿ ಬೇಕು, ಅದು ಒಳಹೊಕ್ಕು ಗಾಯ ಮಾಡುತ್ತದೆ. ಹಾವೇರಿ ಕಡೆ ದೀಪಾವಳಿಯ ಹೊತ್ತಿಗೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯ ಸುದ್ದಿಗಳಲ್ಲಿ ‘ಹೋರಿ ತಿವಿದು’ ಎಂದೇ ಬರೆಯುತ್ತಾರೆ, ಅದು ಸರಿಯಾಗಿಯೇ ಇದೆ. ಅಮೃತಮಹಲ್, ಹಳ್ಳಿಕಾರ್ ತಳಿಗಳ ಉದ್ದನೆಯ, ಹಿಂದಕ್ಕೆ ಬಾಗಿದ ಚೂಪು ಕೊಂಬನ್ನು ಕಂಡವರಿಗೆ ಗುಮ್ಮುವುದಕ್ಕೂ ತಿವಿಯುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ವಯಸ್ಸಿನಲ್ಲೇ ಕೊಂಬಿನ ಮೊಳಕೆ ಸುಡಿಸಿದ ಮಿಶ್ರತಳಿ ಹಸುಗಳ ನಡುವೆ ಬೆಳೆದ ಹುಡುಗರ ಬಾಯಲ್ಲಿ ಮಾತ್ರ ಈ ಎರಡೂ ಒಂದಾಗತೊಡಗಿವೆ.

ಕರಡಿನ ಅತಿ ದೊಡ್ಡ ತೊಡಕು ಇರುವುದು ಒದೆತದ ವಿಷಯದಲ್ಲಿ. ‘ದನ ಮತ್ತು ಕುದುರೆಗಳ ಹಿಂದೆ ನಿಲ್ಲಬಾರದು, ಅವು ಒದೆಯುತ್ತವೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಲಾಗಿದೆ. ಕುದುರೆಗೆ ಈ ಮಾತು ಸಲ್ಲುತ್ತದೆ. ಅದು ನೇರ ಹಿಂದಕ್ಕೆ ಒದೆಯುತ್ತದೆ, ಬೇಕಾದರೆ ಎರಡೂ ಹಿಂಗಾಲೆತ್ತಿ. ಹಸುವಿನ ಕಾಲು ಹೋಗುವ ದಾರಿಯೇ ಬೇರೆ. ಹಿಂಗಾಲು ಮೊದಲು ಮುಂದಕ್ಕೆ ಬಂದು, ಅರೆಸುತ್ತು ಹೊರಕ್ಕೆ ತಿರುಗಿ, ಆಮೇಲೆ ಹಿಂದಕ್ಕೆ ಹೋಗುತ್ತದೆ. ಹಾಲು ಕರೆಯಲು ಕೆಚ್ಚಲ ಬಳಿ ಕುಕ್ಕುರುಗಾಲಲ್ಲಿ ಕೂತವನ ಮೊಣಕೈ, ಮಂಡಿ, ಬಕೆಟ್ಟು ಎಲ್ಲವೂ ಆ ದಾರಿಯಲ್ಲೇ ಇರುತ್ತವೆ. ಪಳಗಿದವರು ಹಣೆಯನ್ನು ಹಸುವಿನ ಅಳ್ಳೆಗೆ ಒತ್ತಿ ಕೂರುವುದು ಸುಮ್ಮನೆ ಅಲ್ಲ. ಕಾಲು ಏಳುವ ಮೊದಲು ಅಲ್ಲಿನ ಮಾಂಸ ಬಿಗಿಯುವುದು ಹಣೆಗೆ ತಿಳಿಯುತ್ತದೆ, ಬಕೆಟ್ಟನ್ನು ಈಚೆಗೆ ಎಳೆದುಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ. ‘ಹಿಂದೆ ನಿಲ್ಲಬೇಡ’ ಎಂಬುದನ್ನಷ್ಟೇ ಓದಿದವನು ಪಕ್ಕದಲ್ಲಿ ಕೂತು ನಿಶ್ಚಿಂತೆಯಿಂದ ಇದ್ದುಬಿಡುತ್ತಾನೆ.

ನೊಣ ಕೂತಿತೆಂದು ಕಾಲು ಕೊಡವಿದರೆ ಅದು ಜಾಡಿಸುವುದು, ನೋವಾಗಿಯೋ ಹೆದರಿಯೋ ಗುರಿಯಿಟ್ಟು ಹೊಡೆದರೆ ಒದೆಯುವುದು. ಹಾಲು ಎರಡರಲ್ಲೂ ಚೆಲ್ಲುತ್ತದೆ. ಆದರೆ ಮೊದಲನೆಯದಕ್ಕೆ ಹೊಗೆ ಹಾಕಿದರೆ ಸಾಕು, ಎರಡನೆಯದಕ್ಕೆ ಮೊಲೆತೊಟ್ಟು ಒಡೆದಿದೆಯೇ, ಕೆಚ್ಚಲು ಬಾತಿದೆಯೇ ಎಂದು ನೋಡಬೇಕು. ‘ಜಾಡಿಸಿ ಒದ್ದ’ ಎಂಬ ಜೋಡಿಮಾತು ರೂಢಿಯಲ್ಲಿರುವುದರಿಂದ ಈ ಭೇದ ನಿಮ್ಮ ಕಡೆ ಉಳಿದಿದೆಯೇ ಎಂದು ಮುಖ್ಯವಾಗಿ ಕೇಳಬೇಕಾಗಿದೆ.

ಬೆಚ್ಚು, ಬೆದರು ಇವನ್ನೂ ಬೇರೆಬೇರೆಯಾಗಿಯೇ ಬಳಸಲು ಬಯಸುತ್ತೇನೆ. ನಿಂತಲ್ಲೇ ಮೈ ಅದುರಿದರೆ ಬೆಚ್ಚಿತು. ಕಣ್ಣಿ ಕಿತ್ತುಕೊಂಡು ಓಡಿದರೆ ಬೆದರಿತು. ದನಕ್ಕೂ ಕುದುರೆಗೂ ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಸುತ್ತಲಿನ ಬಹುಪಾಲು ಕಾಣುತ್ತದೆ, ಬಾಲದ ನೇರ ಹಿಂದಿನದು ಕಾಣುವುದಿಲ್ಲ. ಅಲ್ಲಿಂದ ಸದ್ದಿಲ್ಲದೆ ಹೋಗಿ ಬೆನ್ನು ಮುಟ್ಟಿದರೆ ಎಂಥ ಸಾಧು ಪ್ರಾಣಿಯೂ ಬೆಚ್ಚುತ್ತದೆ. ಹೆಸರು ಹಿಡಿದು ಕರೆಯುತ್ತಲೋ ‘ಹೋ ಹೋ’ ಎನ್ನುತ್ತಲೋ ಹೋಗುವ ಪದ್ಧತಿ ಇದಕ್ಕಾಗಿಯೇ. ಹೋರಿ ಹಾಯುವ ಮುನ್ನ ಮೈಯನ್ನು ಅಡ್ಡಲಾಗಿ ತಿರುಗಿಸಿ ತನ್ನ ಗಾತ್ರ ತೋರಿಸುತ್ತದೆ, ಗುಟುರು ಹಾಕುತ್ತದೆ, ಮುಂಗಾಲಿನಿಂದ ಮಣ್ಣು ಕೆದರುತ್ತದೆ. ಗುಟುರಿಗೂ ಕೆದರುವುದಕ್ಕೂ ಮಾತಿದೆ. ಮೈಯನ್ನು ಅಡ್ಡ ತಿರುಗಿಸಿ ನಿಲ್ಲುವ ಆ ಭಂಗಿಗೆ ಒಂದೇ ಪದ ನಿಮ್ಮಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಧಾರವಾಡ, ವಿಜಯಪುರ, ಕಲಬುರಗಿ ಕಡೆಯವರು ಹಾಯುವುದಕ್ಕೂ ತಿವಿಯುವುದಕ್ಕೂ ‘ಇರಿ’ ಎಂಬ ಒಂದೇ ಮಾತನ್ನು ಬಳಸುತ್ತೀರಾ, ಅಥವಾ ಅಲ್ಲೂ ವ್ಯತ್ಯಾಸವಿದೆಯೇ? ಕರಾವಳಿಯವರ ಬಳಕೆಯೂ ಬೇಕು. ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಸುತ್ತಮುತ್ತಲಿನವರಲ್ಲಿ, ಜಟಕಾ ಹೊಡೆದವರ ಮನೆಯವರಲ್ಲಿ ಇನ್ನೊಂದು ಕೋರಿಕೆ: ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು ಕಚ್ಚಲು ಬರುವುದಕ್ಕೆ ಮನೆಯಲ್ಲಿ ಏನೆನ್ನುತ್ತಿದ್ದರು? ಪದವೊಂದನ್ನೇ ಬರೆಯದೆ, ಅದನ್ನು ಆಡಿದ ಇಡೀ ವಾಕ್ಯವನ್ನೂ ಊರನ್ನೂ ಬರೆದರೆ ಹೆಚ್ಚು ಉಪಕಾರವಾಗುತ್ತದೆ.